ಗಾಡಿಯ ಎಚ್ಚರಿಕೆ ದೀಪ: ಕೋಡ್ ಓದಿ ತಿಳಿಯುವ ಬಗೆ

(ರಾಮಥಾಳದ ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬೇಸಾಯಶಾಸ್ತ್ರ ಕಲಿಸುವವನು ಮೋಟಾರು ಗಾಡಿಯ ಮಾತನ್ನೇಕೆ ಆಡುತ್ತಾನೆ ಎಂದು ನಿಮಗೆ ಅನ್ನಿಸಬಹುದು. ಬೆಳೆ ಕೈಗೆ ಬಂದ ಮಾತ್ರಕ್ಕೆ ಬೇಸಾಯ ಮುಗಿಯಲಿಲ್ಲ, ಅದು ಪೇಟೆ ಮುಟ್ಟಬೇಕು. ಹುನಗುಂದ, ಇಳಕಲ್ಲ ಭಾಗದ ಉಳ್ಳಾಗಡ್ಡಿ, ಮೆಣಸಿನಕಾಯಿಗಳನ್ನು ಪೇಟೆಗೆ ಸಾಗಿಸಲು ಇಂದು ಅನೇಕರು ಪಿಕಪ್ ಗಾಡಿಗಳನ್ನೇ ನಂಬಿದ್ದಾರೆ. ಸುಗ್ಗಿಯ ಕಾಲದಲ್ಲಿ ಗಾಡಿ ನಾಲ್ಕು ದಿನ ಗ್ಯಾರೇಜಿನಲ್ಲಿ ನಿಂತರೆ, ಮಳೆಗೆ ಸಿಕ್ಕ ಉಳ್ಳಾಗಡ್ಡಿ ಹೊಲದಲ್ಲಿಯೇ ಕೊಳೆಯಲಾರಂಭಿಸುತ್ತದೆ. ಅದೇ ವೇಳೆಗೆ ಇಂಜಿನ್ ಚಿತ್ರದ ಹಳದಿ ದೀಪ ಉರಿಯಿತೆಂದರೆ ಕೆಲವರು ಅಂಜಿ, ಹೇಳಿದ ಬಿಡಿಭಾಗಗಳನ್ನೆಲ್ಲ ಬದಲಾಯಿಸುತ್ತಾರೆ. ಇನ್ನು ಕೆಲವರು ತಿಂಗಳುಗಟ್ಟಲೆ ಲಕ್ಷ್ಯವನ್ನೇ ಕೊಡುವುದಿಲ್ಲ. ಎರಡರಲ್ಲೂ ಹಾನಿಯಿದೆ. ಕೆಲವು ನೂರು ರೂಪಾಯಿಗೆ ದೊರೆಯುವ ಕೋಡ್ ರೀಡರ್ ಎಂಬ ಚಿಕ್ಕ ಸಾಧನವನ್ನು ತಿಳಿದು ಬಳಸಿದರೆ ಈ ಹಾನಿಯನ್ನು ಬಹುಮಟ್ಟಿಗೆ ತಪ್ಪಿಸಬಹುದು.

ದೀಪದ ಬಣ್ಣವನ್ನು ಮೊದಲು ನೋಡಿರಿ

ಎಣ್ಣೆ ಡಬ್ಬಿಯ ಚಿತ್ರದ ಕೆಂಪು ದೀಪವಾಗಲಿ, ಇಂಜಿನ್ ಕಾದಿದೆ ಎನ್ನುವ ಕೆಂಪು ದೀಪವಾಗಲಿ ಉರಿದರೆ ಕೋಡ್ ಓದುತ್ತ ಕೂಡುವ ಸಮಯವಲ್ಲ. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಬಂದ್ ಮಾಡಬೇಕು. ಕಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಬಾರದು. ಹಳದಿ ಇಂಜಿನ್ ದೀಪ ಸ್ಥಿರವಾಗಿ ಉರಿಯುತ್ತಿದ್ದು, ಗಾಡಿ ಎಂದಿನಂತೆ ಎಳೆಯುತ್ತಿದ್ದರೆ ನಿಧಾನವಾಗಿ ಊರು ಸೇರಿ ಪರೀಕ್ಷಿಸಬಹುದು. ಪೆಟ್ರೋಲ್ ಗಾಡಿಯಲ್ಲಿ ಅದೇ ದೀಪ ಮಿಣುಕುತ್ತಿದ್ದರೆ ಯಾವುದೋ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲವೆಂದು ಅರ್ಥ. ಹಾಗೆಯೇ ಓಡಿಸಿದರೆ ಹೊಗೆ ಕೊಳವೆಯಲ್ಲಿರುವ ಬೆಲೆಬಾಳುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗುತ್ತದೆ.

ಕೋಡ್ ಎಂದರೇನು?

ಹೊಸ ಗಾಡಿಗಳ ಇಂಜಿನ್ನನ್ನು ಒಂದು ಗಣಕ ನಡೆಸುತ್ತದೆ. ಗಾಳಿ, ಶಾಖ, ಇಂಧನದ ಒತ್ತಡ ಮೊದಲಾದವನ್ನು ಸೆನ್ಸರುಗಳು ಅದಕ್ಕೆ ತಿಳಿಸುತ್ತಿರುತ್ತವೆ. ಯಾವುದಾದರೂ ಅಳತೆ ಮಿತಿ ಮೀರಿದರೆ ಗಣಕವು ಒಂದು ಸಂಕೇತವನ್ನು ಬರೆದಿಟ್ಟುಕೊಂಡು ದೀಪ ಹೊತ್ತಿಸುತ್ತದೆ. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಈ ವ್ಯವಸ್ಥೆಯನ್ನು ಒಂದೇ ಬಗೆಯಾಗಿ ಕಡ್ಡಾಯ ಮಾಡಿದರು. ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮದ ಕಾರು, ಪಿಕಪ್‌ಗಳಲ್ಲಿ ಇದು ಇದ್ದೇ ಇರುತ್ತದೆ. ಅದಕ್ಕೂ ಹಿಂದಿನ ಅನೇಕ ಗಾಡಿಗಳಲ್ಲಿಯೂ ಇದೆ.

ಸಂಕೇತದಲ್ಲಿ ಒಂದು ಅಕ್ಷರ, ನಾಲ್ಕು ಅಂಕೆಗಳಿರುತ್ತವೆ. ‘ಪಿ’ ಎಂದರೆ ಇಂಜಿನ್ ಮತ್ತು ಗೇರಿನ ಭಾಗ. ಅದರ ಮುಂದೆ ಸೊನ್ನೆ ಇದ್ದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥ. ಒಂದು ಇದ್ದರೆ ಆಯಾ ಕಂಪನಿಯ ಸ್ವಂತ ಸಂಕೇತ. ಅದರ ಅರ್ಥವನ್ನು ಆ ಕಂಪನಿಯ ಪಟ್ಟಿಯಲ್ಲಿಯೇ ನೋಡಬೇಕು.

ಓದುವ ಕ್ರಮ

1. ಇಂಜಿನ್ ಬಂದ್ ಮಾಡಿ, ಸ್ಟೇರಿಂಗಿನ ಕೆಳಗೆ ಚಾಲಕನ ಮೊಣಕಾಲಿನ ಹತ್ತಿರ 16 ತೂತುಗಳ ಸಾಕೆಟ್ಟನ್ನು ಹುಡುಕಿರಿ.
2. ಅದರಲ್ಲಿ ರೀಡರನ್ನು ಸಿಕ್ಕಿಸಿ, ಚಾವಿಯನ್ನು ಆನ್ ಮಾಡಿರಿ. ಇಂಜಿನ್ ಚಾಲೂ ಮಾಡುವುದು ಬೇಡ.
3. ಬ್ಲೂಟೂತ್ ರೀಡರ್ ಆದರೆ ಮೊಬೈಲಿನ ಆ್ಯಪ್‌ಗೆ ಜೋಡಿಸಿರಿ. ಪರದೆಯಿರುವ ರೀಡರಿಗೆ ಮೊಬೈಲು ಬೇಕಿಲ್ಲ.
4. ಬಂದ ಸಂಕೇತವನ್ನೂ, ದಿನಾಂಕ, ಓಡಿದ ಕಿಲೋಮೀಟರು, ಆಗ ಇದ್ದ ಹೊರೆಯನ್ನೂ ವಹಿಯಲ್ಲಿ ಬರೆದುಕೊಳ್ಳಿರಿ.
5. ‘ಫ್ರೀಜ್ ಫ್ರೇಮ್’ ಎಂಬಲ್ಲಿ ದೋಷ ಕಂಡ ಕ್ಷಣದ ವೇಗ, ಶಾಖ ಮುಂತಾದ ಅಳತೆಗಳಿರುತ್ತವೆ. ಅವನ್ನೂ ಬರೆದುಕೊಳ್ಳಿರಿ.
6. ಕೆಲಸ ಮುಗಿದ ಮೇಲೆ ರೀಡರನ್ನು ತೆಗೆದಿಡಿರಿ. ಅಲ್ಲಿಯೇ ಬಿಟ್ಟರೆ ಬ್ಯಾಟರಿ ಇಳಿಯಬಹುದು.

ಕೋಡ್ ಹೇಳುವುದು ಲಕ್ಷಣವನ್ನು, ಮದ್ದನ್ನಲ್ಲ

ಇದು ಇಂದಿನ ಮಾತಿನ ಮುಖ್ಯ ಭಾಗ. ಎಲೆ ಹಳದಿಯಾದ ಕೂಡಲೇ ಯೂರಿಯಾ ಹಾಕುವುದು ಸರಿಯಲ್ಲವೆಂದು ನಿಮಗೆ ಗೊತ್ತು. ಎರೆ ಹೊಲದಲ್ಲಿ ನೀರು ನಿಂತಿರಬಹುದು, ಕಬ್ಬಿಣದ ಕೊರತೆಯಿರಬಹುದು, ನಂಜುರೋಗವಿರಬಹುದು. ಕೋಡ್ ಕೂಡ ಹಳದಿ ಎಲೆಯಂತೆಯೇ. ಅದು ಎಲ್ಲಿ ನೋಡಬೇಕೆಂದು ತೋರಿಸುತ್ತದೆ, ಏನನ್ನು ಕೊಳ್ಳಬೇಕೆಂದಲ್ಲ. ಇದನ್ನು ಮರೆತರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ. ಮೂರು ಉದಾಹರಣೆಗಳನ್ನು ನೋಡೋಣ.

ಮೊದಲನೆಯದು ಪಿ0118. ಇಂಜಿನ್ ತಂಪು ಮಾಡುವ ನೀರಿನ ಶಾಖ ಅಳೆಯುವ ಸೆನ್ಸರಿನ ತಂತಿಮಾರ್ಗದಲ್ಲಿ ದೋಷವಿದೆ ಎಂದು ಇದರ ಅರ್ಥ. ಕೂಡಲೇ ಸೆನ್ಸರ್ ಕೊಳ್ಳಬೇಡಿರಿ. ರೀಡರಿನಲ್ಲಿ ‘ಲೈವ್ ಡೇಟಾ’ ತೆರೆದು ಆ ಶಾಖವನ್ನು ನೋಡಿರಿ. ಹಲವು ಗಾಡಿಗಳಲ್ಲಿ ಅದು ಸೊನ್ನೆಗಿಂತ 40 ಡಿಗ್ರಿ ಕೆಳಗೆ ಎಂದು ತೋರಿಸುತ್ತದೆ. ಹುನಗುಂದದ ಬಿಸಿಲಿನಲ್ಲಿ ಇದು ಸಾಧ್ಯವೇ? ತಂತಿ ಕಡಿದಿದೆ ಅಥವಾ ಜೋಡಣೆ ಸಡಿಲವಾಗಿದೆ ಎಂಬುದಕ್ಕೆ ಇದೇ ಸುಳಿವು. ಕಾಳಿನ ಚೀಲಗಳ ಹತ್ತಿರ ನಿಲ್ಲಿಸಿದ ಗಾಡಿಯ ತಂತಿಗಳನ್ನು ಇಲಿ ಕಡಿಯುವುದುಂಟು. ತಂತಿ ಸರಿಯಾಗಿದ್ದರೆ ಮಾತ್ರ ಸೆನ್ಸರಿನ ಕಡೆಗೆ ಹೋಗಬೇಕು.

ಎರಡನೆಯದು ಪಿ0101. ಇಂಜಿನ್ನಿಗೆ ಹೋಗುವ ಗಾಳಿಯ ಅಳತೆ ಹೊಂದುತ್ತಿಲ್ಲವೆಂದು ಅರ್ಥ. ಹೊಲದ ದಾರಿಯ ಧೂಳಿನಿಂದ ಏರ್ ಫಿಲ್ಟರ್ ಕಟ್ಟಿದೆಯೇ, ಮುಂದಿನ ರಬ್ಬರ್ ಕೊಳವೆ ಸೀಳಿದೆಯೇ, ಕ್ಲಿಪ್ಪು ಸಡಿಲವಿದೆಯೇ ಎಂದು ಮೊದಲು ನೋಡಬೇಕು. ಇವು ಅಗ್ಗದ ಕೆಲಸಗಳು. ಗಾಳಿಯ ಸೆನ್ಸರ್ ದುಬಾರಿ, ಅದು ಕೊನೆಯ ಮಾತು.

ಮೂರನೆಯದು ಪಿ2463. ಇದನ್ನು ರಾಮಥಾಳದವರಿಗೆ ವಿವರಿಸುವುದು ಸುಲಭ. ಹುನಗುಂದ ತಾಲ್ಲೂಕಿನ ಸುಮಾರು 24,000 ಹೆಕ್ಟೇರಿಗೆಂದು ರೂಪಿಸಿದ ಹನಿ ನೀರಾವರಿ ಯೋಜನೆಗೆ ನಿಮ್ಮ ಊರಿನ ಹೆಸರೇ ಇದೆ. ಹನಿ ನೀರಾವರಿಯಲ್ಲಿ ಫಿಲ್ಟರಿನ ಹಿಂದೆ ಮುಂದೆ ಒತ್ತಡ ಅಳೆಯುತ್ತಾರೆ. ವ್ಯತ್ಯಾಸ ಹೆಚ್ಚಾದರೆ ಫಿಲ್ಟರ್ ಕಟ್ಟಿದೆ, ತೊಳೆಯಬೇಕು. ಹೊಸ ಡೀಸೆಲ್ ಗಾಡಿಯ ಹೊಗೆ ಕೊಳವೆಯಲ್ಲಿ ಡಿಪಿಎಫ್ ಎಂಬ ಮಸಿ ಸೋಸುವ ಫಿಲ್ಟರ್ ಇದೆ. ಅದರ ಎರಡೂ ಬದಿಯ ಒತ್ತಡದ ವ್ಯತ್ಯಾಸವನ್ನು ಸೆನ್ಸರ್ ಹೀಗೆಯೇ ಅಳೆಯುತ್ತದೆ. ಮಸಿ ಹೆಚ್ಚಿದರೆ ಈ ಸಂಕೇತ ಬರುತ್ತದೆ.

ಆದರೆ ಈ ಫಿಲ್ಟರನ್ನು ನೀರಿನಿಂದ ತೊಳೆಯುವುದಲ್ಲ. ಹೊಗೆಯ ಶಾಖ ಏರಿಸಿ ಗಾಡಿಯೇ ಮಸಿಯನ್ನು ಸುಡುತ್ತದೆ. ಹೊಲಕ್ಕೂ ಮನೆಗೂ ಎರಡು ಮೂರು ಕಿಲೋಮೀಟರು ಮಾತ್ರ ಓಡಿಸುವ ಗಾಡಿಗೆ ಅಷ್ಟು ಶಾಖ ಏರುವುದೇ ಇಲ್ಲ. ಆದುದರಿಂದ ಫಿಲ್ಟರಿನ ದೀಪ ಮೊದಲು ಕಂಡಾಗಲೇ ಕೈಪಿಡಿಯಲ್ಲಿ ಹೇಳಿದಂತೆ ಹೆದ್ದಾರಿಯಲ್ಲಿ ಸಮನಾದ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಬೇಕು. ಆ ವೇಳೆಯಲ್ಲಿ ಹೊಗೆ ಕೊಳವೆ ಬಹಳ ಕಾದಿರುತ್ತದೆ. ಒಣ ಹುಲ್ಲು, ತೊಗರಿ ಕಟ್ಟಿಗೆ, ಒಕ್ಕಲು ಮಾಡಲು ರಸ್ತೆಗೆ ಹರವಿದ ಬೆಳೆ ಇವುಗಳ ಮೇಲೆ ಗಾಡಿ ನಿಲ್ಲಿಸಿದರೆ ಬೆಂಕಿ ಹತ್ತುವ ಅಪಾಯವಿದೆ. ಫಿಲ್ಟರನ್ನೇ ಕಿತ್ತುಹಾಕಿಸುವುದು ಕಾನೂನಿಗೆ ವಿರುದ್ಧ. ಆ ಮಸಿಯನ್ನು ಉಸಿರಾಡುವವರು ನಾವೇ.

ಅಳಿಸುವ ಮೊದಲು

ರೀಡರಿನಲ್ಲಿ ಕೋಡ್ ಅಳಿಸುವ ಸೌಕರ್ಯವೂ ಉಂಟು. ದೀಪ ಆರಿದ ಮಾತ್ರಕ್ಕೆ ದೋಷ ಹೋಗುವುದಿಲ್ಲ. ಫ್ರೀಜ್ ಫ್ರೇಮಿನ ದಾಖಲೆಯೂ ಅಳಿದು, ಮಿಸ್ತ್ರಿಗೆ ಸುಳಿವೇ ಇಲ್ಲದಂತಾಗುತ್ತದೆ. ಆದಕಾರಣ ದುರಸ್ತಿಯಾದ ಮೇಲೆಯೇ ಅಳಿಸಿ, ಕೆಲವು ದಿನ ಓಡಿಸಿ, ಮತ್ತೆ ಓದಿ ನೋಡಬೇಕು. ಕೋಡ್ ತಿರುಗಿ ಬಾರದಿದ್ದರೆ ದುರಸ್ತಿ ಸರಿಯಾಗಿದೆಯೆಂದು ತಿಳಿಯಬಹುದು. ಹಳೆಯ ಗಾಡಿ ಕೊಳ್ಳುವಾಗಲೂ ಒಮ್ಮೆ ಓದಿ ನೋಡುವುದು ಲೇಸು.

ಸಾಧನದ ಮಿತಿ

ಅಗ್ಗದ ರೀಡರ್ ಬ್ರೇಕು, ಏರ್‌ಬ್ಯಾಗುಗಳ ಕೋಡುಗಳನ್ನು ಸಾಮಾನ್ಯವಾಗಿ ಓದುವುದಿಲ್ಲ. ದೊಡ್ಡ ಲಾರಿಗಳದು 24 ವೋಲ್ಟಿನ ವ್ಯವಸ್ಥೆ. 12 ವೋಲ್ಟಿನ ರೀಡರನ್ನು ಅದಕ್ಕೆ ಸಿಕ್ಕಿಸಬಾರದು. ಹಳೆಯ ಪಂಪಿನ ಟ್ರ್ಯಾಕ್ಟರುಗಳಲ್ಲಿ ಓದಲು ಕೋಡೇ ಇಲ್ಲ. 50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದು, ಅವುಗಳಲ್ಲಿಯೂ ಗಣಕ ಬಂದಿದೆ. ಅವುಗಳ ಸಾಕೆಟ್ಟು ಬೇರೆಯಿರಬಹುದು. ಕಾರಿನ ರೀಡರ್ ಕೊಳ್ಳುವ ಮೊದಲು ವಿಚಾರಿಸಿರಿ.

ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ವಿನಂತಿ. ಮನೆಗೊಂದು ರೀಡರ್ ಬೇಕಿಲ್ಲ. ರೈತ ಗುಂಪಿಗೊಂದು ಇದ್ದು, ಓದಲು ಬಲ್ಲ ಇಬ್ಬರು ಯುವಕರಿದ್ದರೆ ಊರಿಗೆ ಸಾಕು. ಮಿಸ್ತ್ರಿಯ ಅನುಭವಕ್ಕೆ ಇದು ಬದಲಿಯಲ್ಲ. ಕೋಡನ್ನು ಬರೆದ ಚೀಟಿ ಅವನ ಕೈಗೆ ಕೊಟ್ಟು, ‘ಮೊದಲು ತಂತಿ, ಕೊಳವೆ, ಫಿಲ್ಟರ್ ನೋಡು, ಆಮೇಲೆ ಸಾಮಾನು ಹೇಳು’ ಎಂದರೆ ಅವನಿಗೂ ಅನುಕೂಲ, ನಿಮ್ಮ ಹಣವೂ ಉಳಿಯುತ್ತದೆ.

ಈ ಸಲದ ಉಳ್ಳಾಗಡ್ಡಿ ಕೀಳುವ ಮೊದಲೇ ನಿಮ್ಮ ಗಾಡಿಗಳನ್ನು ಒಮ್ಮೆ ಓದಿಸಿ ನೋಡಿರಿ.