ನಿಂತಲ್ಲೇ ಮುಪ್ಪಾಗುವ ಕಾರು

ವಾಹನ ಓಡಿಸಿದಷ್ಟೂ ಸವೆಯುತ್ತದೆ, ಓಡಿಸದೆ ಇಟ್ಟರೆ ಹೊಸದಾಗಿಯೇ ಉಳಿಯುತ್ತದೆ ಎಂಬುದು ಬಹುಮಂದಿಯ ನಂಬಿಕೆ. ಇದು ಅರ್ಧ ಮಾತ್ರ ನಿಜ. ಉಳಿದರ್ಧವನ್ನು ತಿಳಿಯಲು ಇಂದು ಒಂದು ಹಳೆಯ ಸ್ಪೋರ್ಟ್ಸ್ ಕಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದು ಇಟಲಿಯ ಫೆರಾರಿ 308.

ಮರನೆಲ್ಲೊ ಊರಿನ ಫೆರಾರಿ ಕಾರ್ಖಾನೆ 308 ಜಿಟಿಬಿ ಕಾರನ್ನು 1975ರಲ್ಲಿ ಪ್ಯಾರಿಸ್ ಮೋಟಾರು ಪ್ರದರ್ಶನದಲ್ಲಿ ಜನರ ಮುಂದಿಟ್ಟಿತು. ಅದರ ಹೊರಮೈಯನ್ನು ರೂಪಿಸಿದ್ದು ಪಿನಿನ್‌ಫರೀನ ಸಂಸ್ಥೆ. 1980ರಿಂದ 1988ರವರೆಗೆ ಅಮೆರಿಕದಲ್ಲಿ ಪ್ರಸಾರವಾದ 'ಮ್ಯಾಗ್ನಮ್ ಪಿ.ಐ.' ಧಾರಾವಾಹಿಯಲ್ಲಿ ಈ ಮಾದರಿಯ ಮೇಲ್ಛಾವಣಿ ತೆಗೆಯಬಹುದಾದ ಕೆಂಪು ಕಾರು ಕಾಣಿಸಿಕೊಂಡು ಮನೆಮಾತಾಯಿತು. 1985ರಲ್ಲಿ ಇದರ ಜಾಗಕ್ಕೆ 328 ಬಂದಿತು. ಎಂದರೆ ಇಂದು ಉಳಿದಿರುವ ಪ್ರತಿಯೊಂದು 308 ಕಾರೂ ಸುಮಾರು ನಾಲ್ಕು ದಶಕ, ಇಲ್ಲವೇ ಅದಕ್ಕೂ ಹೆಚ್ಚು ಹಳೆಯದು.

ಇಂಥ ಕಾರನ್ನು ದಿನವೂ ಕಚೇರಿಗೆ ಒಯ್ಯುವವರು ವಿರಳ. ಬಟ್ಟೆ ಹೊದಿಸಿ ಷೆಡ್ಡಿನಲ್ಲಿ ನಿಲ್ಲಿಸಿರುತ್ತಾರೆ. ಮೀಟರು ನೋಡಿದರೆ ಕಾರು ಎಳೆಯದು, ಕ್ಯಾಲೆಂಡರ್ ನೋಡಿದರೆ ಮುದಿಯದು. ರಿಪೇರಿ ಮಾಡುವವನು ನಂಬಬೇಕಾದದ್ದು ಕ್ಯಾಲೆಂಡರನ್ನು. ಏಕೆ ಎಂಬುದನ್ನು ನೋಡೋಣ.

ಈ ಕಾರಿನ ಎಂಜಿನ್ ಇರುವುದು ಮುಂದೆ ಅಲ್ಲ, ಸೀಟುಗಳ ಹಿಂದೆ. ಅದರಲ್ಲಿ ಎಂಟು ಸಿಲಿಂಡರುಗಳು 'ವಿ' ಅಕ್ಷರದ ಆಕಾರದಲ್ಲಿ, ಸಾಲಿಗೆ ನಾಲ್ಕರಂತೆ ನಿಂತಿವೆ. ಸಿಲಿಂಡರಿಗೆ ಗಾಳಿ ಮತ್ತು ಪೆಟ್ರೋಲನ್ನು ಒಳಬಿಡಲು, ಹೊಗೆಯನ್ನು ಹೊರಬಿಡಲು ವಾಲ್ವುಗಳಿವೆ. ವಾಲ್ವುಗಳನ್ನು ತೆರೆಯುವುದು ಕ್ಯಾಮ್‌ಶಾಫ್ಟ್ ಎಂಬ ದಂಡ. ಒಂದೊಂದು ಸಾಲಿಗೆ ಎರಡರಂತೆ ಒಟ್ಟು ನಾಲ್ಕು ದಂಡಗಳಿವೆ. ಅವನ್ನು ತಿರುಗಿಸುವುದು ಹಲ್ಲುಗಳುಳ್ಳ ಎರಡು ರಬ್ಬರ್ ಪಟ್ಟಿಗಳು. ಇವನ್ನೇ ಟೈಮಿಂಗ್ ಬೆಲ್ಟ್ ಎನ್ನುತ್ತಾರೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಎಂಜಿನ್ ನಿಮಿಷಕ್ಕೆ 7,700 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಕ್ಯಾಮ್‌ಶಾಫ್ಟಿನ ವೇಗ ಅದರ ಅರ್ಧ, ಅಂದರೆ 3,850 ಸುತ್ತು. ಇದನ್ನು 60ರಿಂದ ಭಾಗಿಸಿ. ಪ್ರತಿಯೊಂದು ವಾಲ್ವೂ ಒಂದು ಸೆಕೆಂಡಿನಲ್ಲಿ ಸುಮಾರು 64 ಸಲ ತೆರೆದು ಮುಚ್ಚಬೇಕು! ಪಿಸ್ಟನ್ ಮೇಲೆ ಬರುವಷ್ಟರಲ್ಲಿ ವಾಲ್ವು ದಾರಿಬಿಟ್ಟು ಸರಿದಿರಬೇಕು. ಬೆಲ್ಟು ತುಂಡಾದರೆ ಅಥವಾ ಹಲ್ಲು ಜಾರಿದರೆ ಕ್ಯಾಮ್‌ಶಾಫ್ಟ್ ತಾಳ ತಪ್ಪುತ್ತದೆ, ಪಿಸ್ಟನ್ ಮಾತ್ರ ನಿಲ್ಲುವುದಿಲ್ಲ. ತೆರೆದ ವಾಲ್ವಿಗೆ ಅದು ಬಡಿಯುತ್ತದೆ. ವಾಲ್ವು ಬಾಗುತ್ತದೆ, ಪಿಸ್ಟನ್ ಒಡೆಯಲೂಬಹುದು. ಕಣ್ಣುಮುಚ್ಚಿ ತೆರೆಯುವುದರೊಳಗೆ ಅಪೂರ್ವವಾದ ಎಂಜಿನ್ ಹಾಳಾಗುತ್ತದೆ.

ರಬ್ಬರು ಓಡಿದರೆ ಸವೆಯುತ್ತದೆ, ನಿಂತರೂ ಮುಪ್ಪಾಗುತ್ತದೆ. ಗಾಳಿಯ ಆಮ್ಲಜನಕ ಮತ್ತು ಶಾಖ ಅದನ್ನು ನಿಧಾನವಾಗಿ ಗಡಸು ಮಾಡುತ್ತವೆ. ತಿಂಗಳುಗಟ್ಟಲೆ ಒಂದೇ ಭಂಗಿಯಲ್ಲಿ ಬಾಗಿ ನಿಂತ ಬೆಲ್ಟು ಹೊರನೋಟಕ್ಕೆ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದಲೇ ಇಂಥ ಕಾರು ಬಲ್ಲ ಮೆಕ್ಯಾನಿಕ್ಕುಗಳು ಎಷ್ಟೇ ಕಡಿಮೆ ಓಡಿದ್ದರೂ ಸಾಮಾನ್ಯವಾಗಿ ಮೂರರಿಂದ ಐದು ವರ್ಷಕ್ಕೊಮ್ಮೆ ಬೆಲ್ಟುಗಳನ್ನು ಬದಲಿಸುತ್ತಾರೆ. ಬೆಲ್ಟನ್ನು ಬಿಗಿಯಾಗಿ ಹಿಡಿದಿರುವ ಟೆನ್ಷನರ್ ಬೇರಿಂಗುಗಳನ್ನೂ ಜೊತೆಯಲ್ಲೇ ನೋಡುತ್ತಾರೆ. ಬೇರಿಂಗು ಸಿಕ್ಕಿಕೊಂಡರೆ ಹೊಸ ಬೆಲ್ಟೂ ಉಳಿಯುವುದಿಲ್ಲ.

ಈ ಕೆಲಸದ ಕ್ರಮ ನಿಮಗೆ ತಿಳಿದಿರಲಿ. ಮೊದಲು ಒಂದನೆಯ ಸಿಲಿಂಡರಿನ ಪಿಸ್ಟನ್ ತುತ್ತತುದಿಗೆ ಬರುವಂತೆ ಎಂಜಿನ್ನನ್ನು ತಿರುಗಿಸಬೇಕು. ನಾಲ್ಕೂ ಕ್ಯಾಮ್‌ಶಾಫ್ಟುಗಳ ಮೇಲಿನ ಗುರುತುಗಳು ಸರಿಯಾದ ಜಾಗದಲ್ಲಿ ನಿಂತಿವೆಯೇ ನೋಡಬೇಕು. ಆಮೇಲೆ ಹಳೆಯ ಬೆಲ್ಟು ತೆಗೆದು ಹೊಸದನ್ನು ಕೂರಿಸಬೇಕು. ಮುಗಿಯಿತೆಂದು ಕೂಡಲೇ ಕೀಲಿ ತಿರುಗಿಸಬಾರದು. ಸ್ಪ್ಯಾನರ್ ಹಿಡಿದು, ಕೈಯಿಂದಲೇ, ಎಂಜಿನ್ನನ್ನು ಎರಡು ಪೂರ್ಣ ಸುತ್ತು ತಿರುಗಿಸಿ ಗುರುತುಗಳನ್ನು ಮತ್ತೆ ನೋಡಬೇಕು. ಒಂದು ಹಲ್ಲು ಆಚೀಚೆ ಆಗಿದ್ದರೆ ಗುರುತು ಸೇರುವುದಿಲ್ಲ. ಹೆಚ್ಚು ತಪ್ಪಿದ್ದರೆ ಸ್ಪ್ಯಾನರ್ ಮುಂದೆ ಹೋಗದೆ ತಡೆಯುತ್ತದೆ. ಕೈಗೆ ತಗುಲುವ ಆ ತಡೆಯೇ ಎಚ್ಚರಿಕೆ. ಸ್ಟಾರ್ಟರ್ ಮೋಟಾರಿಗೆ ಆ ಸೂಕ್ಷ್ಮವಿಲ್ಲ, ಅದು ವಾಲ್ವನ್ನು ಬಗ್ಗಿಸಿಯೇ ಬಿಡುತ್ತದೆ.

ಎಂಜಿನ್ನಿನ ಮಾತಾಯಿತು, ಇನ್ನು ಪ್ರಾಣದ ಮಾತು. ಮೊದಲ ವರ್ಷಗಳ 308 ಕಾರುಗಳಲ್ಲಿ ನಾಲ್ಕು ವೆಬರ್ ಕಾರ್ಬುರೇಟರುಗಳು ಎಂಜಿನ್ನಿನ ನೆತ್ತಿಯ ಮೇಲೆ ಕುಳಿತಿವೆ. ಪೆಟ್ರೋಲು ತರುವ ರಬ್ಬರ್ ಪೈಪು ಗಡಸಾಗಿ ಬಿರುಕುಬಿಟ್ಟರೆ ಪೆಟ್ರೋಲು ತೊಟ್ಟಿಕ್ಕುವುದು ಕಾದ ಲೋಹದ ಮೇಲೆ, ಅದೂ ಚಾಲಕನ ಬೆನ್ನ ಹಿಂದೆ. ಇಂದಿನ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲ್ ಹಳೆಯ ಕಾಲದ ಕೆಲವು ಬಗೆಯ ರಬ್ಬರಿಗೆ ಹಿಡಿಸುವುದಿಲ್ಲ. ಆದ್ದರಿಂದ ಎಥನಾಲ್ ತಾಳಿಕೊಳ್ಳುವ ಹೊಸ ಪೈಪುಗಳನ್ನು ಕಾಲಕಾಲಕ್ಕೆ ಹಾಕಬೇಕು. ಬೆಂಕಿ ನಂದಿಸುವ ಸಾಧನವನ್ನು ಕಾರಿನಲ್ಲೇ ಇಟ್ಟುಕೊಳ್ಳುವುದು ಲೇಸು.

ಬ್ರೇಕಿನ ಕಥೆಯೂ ಹೀಗೆಯೇ. ಬ್ರೇಕ್ ಆಯಿಲ್ ಎಂದು ನಾವು ಕರೆಯುವುದು ನಿಜಕ್ಕೂ ಎಣ್ಣೆಯಲ್ಲ. ಅದು ಗಾಳಿಯ ತೇವವನ್ನು ಹೀರುವ ದ್ರವ. ಡಾಟ್ 4 ಎಂಬ ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಶೇಕಡ 3.7ರಷ್ಟು ನೀರು ಸೇರಿದಾಗ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕು ಕಾದು ಆ ದ್ರವ ಕುದಿದರೆ ಆವಿಯಾಗುತ್ತದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲು ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಿದರೆ ಈ ಅಪಾಯ ದೂರ.

ಹಾಗಾದರೆ ಕಾರನ್ನು ಹೇಗೆ ಇಟ್ಟುಕೊಳ್ಳಬೇಕು? ಆಗಾಗ ಓಡಿಸುವುದೇ ಮೊದಲ ಉಪಚಾರ. ನಿಂತಲ್ಲೇ ಎರಡು ನಿಮಿಷ ಸ್ಟಾರ್ಟ್ ಮಾಡಿ ಆರಿಸುವುದರಿಂದ ಲಾಭವಿಲ್ಲ. ಉರಿದ ಪೆಟ್ರೋಲಿನಿಂದ ಹುಟ್ಟಿದ ನೀರಾವಿ ತಣ್ಣನೆಯ ಎಂಜಿನ್ನಿನೊಳಗೆ ತಂಗಿ ಆಯಿಲಿಗೆ ಸೇರುತ್ತದೆ. ಆಯಿಲ್ ಚೆನ್ನಾಗಿ ಕಾಯುವಷ್ಟು ದೂರ ಹೋಗಿಬರಬೇಕು. ಈ ಕಾರಿನ ಗೇರುಗಳಿಗೂ ಒಂದು ಹಟವಿದೆ. ಗೇರ್ ಆಯಿಲ್ ತಣ್ಣಗಿರುವಾಗ ಎರಡನೆಯ ಗೇರು ಸುಲಭವಾಗಿ ಬೀಳದು. ಬಲವಂತ ಮಾಡದೆ ಒಂದರಿಂದ ಮೂರಕ್ಕೆ ಹೋಗಿ ಆಯಿಲ್ ಕಾಯುವವರೆಗೆ ತಾಳುವುದು ಬಲ್ಲವರ ಪದ್ಧತಿ.

ಕೊನೆಯದಾಗಿ ಒಂದು ಪುಸ್ತಕ. ಯಾವ ಭಾಗವನ್ನು ಯಾವ ದಿನ, ಎಷ್ಟು ಕಿಲೋಮೀಟರಿಗೆ ಬದಲಿಸಿದೆವು ಎಂದು ಬರೆದಿಟ್ಟುಕೊಳ್ಳಬೇಕು. ಹಳೆಯ ಕಾರು ಕೊಳ್ಳುವವರು ಬಣ್ಣಕ್ಕಿಂತ ಮೊದಲು ನೋಡುವುದು ಇದನ್ನೇ. ಫೆರಾರಿ ಸಂಸ್ಥೆ 2006ರಲ್ಲಿ ತನ್ನ ಹಳೆಯ ಕಾರುಗಳ ದುರಸ್ತಿಗೆ ಮತ್ತು ಅವುಗಳ ಮೂಲಸ್ವರೂಪವನ್ನು ದೃಢಪಡಿಸುವುದಕ್ಕೆ ಕ್ಲಾಸಿಕೆ ಎಂಬ ವಿಭಾಗವನ್ನೇ ತೆರೆಯಿತು.

ಮಿತ್ರರೇ, ಫೆರಾರಿ ನಮ್ಮ ಮನೆಯಲ್ಲಿಲ್ಲದಿರಬಹುದು. ಆದರೆ ರಬ್ಬರು, ಬ್ರೇಕಿನ ದ್ರವ, ಪೆಟ್ರೋಲ್ ಪೈಪು ನಮ್ಮ ಸ್ಕೂಟರು, ಬೈಕು, ಕಾರುಗಳಲ್ಲೂ ಇವೆ. ಇಂದು ಸಂಜೆ ನಿಮ್ಮ ಮನೆಯ ವಾಹನದ ಟೈರಿನ ಪಕ್ಕವನ್ನು ನೋಡಿ. ನಾಲ್ಕು ಅಂಕಿಗಳು ಅಚ್ಚಾಗಿರುತ್ತವೆ. 2319 ಎಂದಿದ್ದರೆ ಆ ಟೈರು 2019ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಟೈರಿನ ಗೀರುಗಳು ಆಳವಾಗಿಯೇ ಇದ್ದರೂ ಅದರ ವಯಸ್ಸು ಎಷ್ಟೆಂದು ಲೆಕ್ಕ ಹಾಕಿ, ಮನೆಯ ಹಿರಿಯರಿಗೆ ತಿಳಿಸಿ.