ಆರು ಚೌಕಗಳ ಗೂಡುದೀಪ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನನ್ನನ್ನು ಕರೆದದ್ದು ಕಂಪ್ಯೂಟರ್ ವಿಷಯ ಮಾತನಾಡಲಿಕ್ಕೆ. ಆದರೆ ನಿಮ್ಮ ತಲೆಯ ಮೇಲೆ ಈ ಚಪ್ಪರದಲ್ಲಿ ಐವತ್ತು ಗೂಡುದೀಪ ತೂಗುತ್ತಿರುವಾಗ ಬೇರೆ ವಿಷಯ ಯಾಕೆ? ಮೂರು ಶನಿವಾರ ಮಧ್ಯಾಹ್ನ ಮಕ್ಕಳ ಜೊತೆ ಕುಳಿತು ಇವನ್ನು ಕಟ್ಟಿದವರಲ್ಲಿ ನಾನೂ ಒಬ್ಬ. ಅದರ ಬಗ್ಗೆಯೇ ಹೇಳುತ್ತೇನೆ. ಕೊನೆಗೆ ಸಂಘದ ಮುಂದೆ ಒಂದು ಬೇಡಿಕೆಯೂ ಇದೆ, ಅದು ಹಣಕ್ಕೆ ಸಂಬಂಧಪಟ್ಟದ್ದು. ಖಜಾಂಚಿಯವರು ಎದ್ದು ಹೋಗಬಾರದು.

ಹಳೆ ವಿದ್ಯಾರ್ಥಿ ಸಂಘದ ಸಭೆಯಲ್ಲಿ ಅಲಂಕಾರದ ವಿಷಯ ಬಂದಾಗ ಮೊದಲು ಬಂದ ಸಲಹೆ ಫ್ಲೆಕ್ಸ್ ಮತ್ತು ಥರ್ಮಾಕೋಲಿನದು. ಫ್ಲೆಕ್ಸ್ ಬ್ಯಾನರುಗಳನ್ನು ನಮ್ಮ ರಾಜ್ಯ 2016ರಲ್ಲೇ ನಿಷೇಧಿಸಿದೆ. ಅಲಂಕಾರದ ಥರ್ಮಾಕೋಲಿಗೆ 2022ರ ಜುಲೈ 1ರಿಂದ ಇಡೀ ದೇಶದಲ್ಲಿ ನಿಷೇಧವಿದೆ. ಮಕ್ಕಳಿಗೆ ಪರಿಸರದ ಪಾಠ ಹೇಳುವ ಜಾಗದಲ್ಲಿ ಅದನ್ನೇ ಕಟ್ಟುವುದು ಹೇಗೆ? ಆಗ ಗೂಡುದೀಪದ ಮಾತು ಬಂತು. ಒಬ್ಬ ಗೆಳೆಯ ಹೇಳಿದ: "ಪೇಟೆಯಲ್ಲಿ ರೆಡಿಮೇಡ್ ಸಿಗ್ತದೆ ಮಾರಾಯ, ಬಿಡಿಸಿ ತೂಗಿಸಿದರೆ ಆಯ್ತು. ಐವತ್ತು ದೀಪ ಒಂದು ಗಂಟೆಯ ಕೆಲಸ." ಅವನ ಲೆಕ್ಕ ಸರಿಯೇ. ಆದರೂ ಸಭೆ ಕೈಯಲ್ಲೇ ಕಟ್ಟುವುದೆಂದು ತೀರ್ಮಾನಿಸಿತು. ಆ ತೀರ್ಮಾನದಿಂದ ಏನು ಸಿಕ್ಕಿತು ಎಂಬುದು ನನ್ನ ಮಾತಿನ ವಿಷಯ.

ಗೂಡುದೀಪದಲ್ಲಿ ಮಾದರಿಗಳು ಎಷ್ಟೋ ಇವೆ. ನಾವು ಆರಿಸಿದ್ದು ಸುಲಭದ್ದು, ಆರು ಚೌಕದ್ದು. ಒಂದು ಗೇಣಿನ, ಅಂದರೆ ಒಂಬತ್ತು ಇಂಚಿನ ಬಿದಿರಿನ ಕಡ್ಡಿಗಳು ಇಪ್ಪತ್ತನಾಲ್ಕು ಬೇಕು. ನಾಲ್ಕು ನಾಲ್ಕರಂತೆ ಕಟ್ಟಿದರೆ ಆರು ಚೌಕ. ಅದರಲ್ಲಿ ನಾಲ್ಕು ಚೌಕಗಳನ್ನು ಮೂಲೆಯ ಮೇಲೆ ನಿಲ್ಲಿಸಿ, ಪಕ್ಕದ ಮೂಲೆಗೆ ಪಕ್ಕದ ಮೂಲೆ ಕಟ್ಟಿ ಬಳೆಯ ಹಾಗೆ ಸುತ್ತು ತರಬೇಕು. ಮೇಲೆ ನಾಲ್ಕು ತುದಿ ನಿಂತಿರುತ್ತವೆ, ಅವಕ್ಕೆ ಐದನೆಯ ಚೌಕ. ಕೆಳಗಿನ ನಾಲ್ಕು ತುದಿಗೆ ಆರನೆಯದು. ಒಟ್ಟು ಹನ್ನೆರಡು ಗಂಟು. ಈಗ ನೋಡಿ, ಯಾರೂ ತ್ರಿಭುಜ ಕಟ್ಟಲಿಲ್ಲ, ಅದಕ್ಕೆಂದು ಒಂದು ಕಡ್ಡಿಯನ್ನೂ ಖರ್ಚು ಮಾಡಲಿಲ್ಲ. ಆದರೂ ಚೌಕಗಳ ನಡುವೆ ಎಂಟು ತ್ರಿಭುಜ ತಾವಾಗಿ ಹುಟ್ಟಿರುತ್ತವೆ. ಎಂಟನೇ ತರಗತಿಯ ಒಬ್ಬ ಹುಡುಗ ಮೂರು ಸಲ ಎಣಿಸಿದ, ನಂಬಿಕೆಯಾಗದೆ ಪಕ್ಕದವನ ದೀಪದಲ್ಲೂ ಎಣಿಸಿದ.

ಇಷ್ಟು ಕಟ್ಟಿದ ಮೇಲೆ ದೀಪ ನಿಲ್ಲುತ್ತದೆಯೇ? ಇಲ್ಲ. ಕೈಯಲ್ಲಿ ಹಿಡಿದರೆ ತಿರುಚಿಕೊಂಡು ಕುಸಿಯುತ್ತದೆ. ಗಂಟು ಸಡಿಲವಾಗಿದೆ ಎಂದು ಮಕ್ಕಳು ಮತ್ತೆ ಮತ್ತೆ ದಾರ ಬಿಗಿದರು. ಗಂಟಿನ ತಪ್ಪಲ್ಲ ಅದು. ಒಂಬತ್ತನೇ ತರಗತಿಯಲ್ಲಿ ಬಾ.ಬಾ.ಬಾ. ಎಂದು ಬಾಯಿಪಾಠ ಮಾಡಿದ್ದೇವಲ್ಲ, ಮೂರು ಬಾಹುಗಳು ಗೊತ್ತಾದರೆ ತ್ರಿಭುಜ ಒಂದೇ ಎಂದು, ಅದರ ಅರ್ಥ ಇಲ್ಲಿದೆ. ಮೂರು ಕಡ್ಡಿ ಕಟ್ಟಿದರೆ ಆಕಾರ ಬದಲಾಗಲು ದಾರಿಯೇ ಇಲ್ಲ. ನಾಲ್ಕು ಕಡ್ಡಿ ಕಟ್ಟಿದರೆ ಅದೇ ನಾಲ್ಕು ಕಡ್ಡಿಯಲ್ಲಿ ಚೌಕವೂ ಆಗಬಹುದು, ಓರೆಯಾಗಿ ವಜ್ರಾಕೃತಿಯೂ ಆಗಬಹುದು. ದೀಪ ಕುಸಿಯುವುದು ಆ ಆರು ಚೌಕಗಳಿಂದ.

ಮೇಲಿನ ಚೌಕಕ್ಕೆ ಮೂಲೆಯಿಂದ ಮೂಲೆಗೆ ಒಂದು ಕಡ್ಡಿ ಕಟ್ಟುತ್ತೇವೆ, ತೂಗುವ ಹಗ್ಗಕ್ಕೆ. ಕೆಳಗಿನದಕ್ಕೆ ಇನ್ನೊಂದು, ದೀಪ ಇಡಲಿಕ್ಕೆ. ಅಲ್ಲಿಗೆ ಎರಡು ಚೌಕ ತಲಾ ಎರಡು ತ್ರಿಭುಜವಾಯಿತು. ಉಳಿದ ನಾಲ್ಕಕ್ಕೆ ಕಾಗದ ಅಂಟಿಸುತ್ತೇವೆ. ಚೌಕ ಓರೆಯಾಗಬೇಕಾದರೆ ಅದರ ಒಂದು ಕರ್ಣ ಉದ್ದವಾಗಲೇಬೇಕು, ಅಂಟಿಸಿದ ಕಾಗದ ಆ ಎಳೆತವನ್ನು ತಡೆಯುತ್ತದೆ. ಅಂಟು ಒಣಗಿದ ಮೇಲೆ ಅದೇ ಕುಸಿಯುತ್ತಿದ್ದ ಗೂಡನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿ ನೋಡಿ, ಅಲುಗುವುದಿಲ್ಲ. ಚಂದಕ್ಕೆಂದು ನಾವು ತಿಳಿದಿದ್ದ ಬಣ್ಣದ ಕಾಗದ ಇಡೀ ಗೂಡನ್ನು ಹಿಡಿದು ನಿಲ್ಲಿಸಿದೆ. ನಾನು ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಸ್ಟ್ರಕ್ಚರ್ ಪಾಠವನ್ನು ಬೋರ್ಡಿನ ಮೇಲೆ ಕಲಿತೆ. ಈ ಮಕ್ಕಳಿಗೆ ಅದು ಕೈಯ ಮೂಲಕ ಹೋಗಿದೆ. ಬಿಡಿಸಿ ತೂಗಿಸುವ ಪ್ಲಾಸ್ಟಿಕ್ ದೀಪದಲ್ಲಿ ಕುಸಿಯುವ ಆ ಐದು ನಿಮಿಷ ಇಲ್ಲ, ನನ್ನ ತಕರಾರು ಇಷ್ಟೇ.

ಶಾಲೆಯ ಗಣಿತಕ್ಕೂ ಹಬ್ಬದ ದೀಪಕ್ಕೂ ನಂಟು ನಮ್ಮಲ್ಲಿ ಮಾತ್ರ ಇರುವುದಲ್ಲ. ಜರ್ಮನಿಯಲ್ಲಿ ಕ್ರಿಸ್ಮಸ್ ಸಮಯಕ್ಕೆ ಮನೆಮನೆಯಲ್ಲಿ ತೂಗುವ ಮುಳ್ಳುಮುಳ್ಳಾದ ಕಾಗದದ ನಕ್ಷತ್ರವೊಂದಿದೆ. ಅದು ಹುಟ್ಟಿದ್ದು 1830ರ ದಶಕದಲ್ಲಿ, ನೀಸ್ಕಿ ಎಂಬ ಊರಿನ ಮೊರೇವಿಯನ್ ಪಂಥದವರ ಹುಡುಗರ ಶಾಲೆಯಲ್ಲಿ, ರೇಖಾಗಣಿತದ ಅಭ್ಯಾಸವಾಗಿ. ಆಮೇಲೆ ಹರ್ನ್‌ಹುಟ್ ಎಂಬಲ್ಲಿ ಅದರ ತಯಾರಿಕೆಯೇ ಒಂದು ಉದ್ಯಮವಾಯಿತು. ಅದರ ಒಡಲಿಗೆ ಹದಿನೆಂಟು ಚೌಕ, ಎಂಟು ತ್ರಿಭುಜ. ಮೇಲಿನ ಒಂದು ಚೌಕವನ್ನು ತೂಗಲಿಕ್ಕೆ ಬಿಟ್ಟು ಉಳಿದ ಇಪ್ಪತ್ತೈದು ಮುಖಗಳ ಮೇಲೆ ಒಂದೊಂದು ಮೊನೆ. ನಮ್ಮ ಗೂಡಿನಲ್ಲೂ ತ್ರಿಭುಜ ಎಂಟೇ. ಚೌಕ ಮಾತ್ರ ಅವರದು ಜಾಸ್ತಿ.

ಇನ್ನು ತ್ರಿಭುಜಕ್ಕೆ ಅಂಟಿಸಿರುವ ಕತ್ತರಿಸಿದ ಚಿತ್ತಾರ. ಐವತ್ತು ದೀಪ, ದೀಪಕ್ಕೆ ಎಂಟು, ಒಟ್ಟು ನಾನೂರು ಚಿತ್ತಾರ ಬೇಕು. ಮೊದಲ ಹತ್ತನ್ನು ಮಕ್ಕಳು ಬ್ಲೇಡಿನಲ್ಲಿ ಕತ್ತರಿಸಿದರು. ಹನ್ನೊಂದನೆಯದರಿಂದ ಅದು ಬರೀ ಕೂಲಿ. ಆದ್ದರಿಂದ ಅಚ್ಚು ಮಾಡಿಸಿದೆವು. ಡೈ ಕಟಿಂಗ್ ಎಂದರೆ ಯಾರೂ ಹೆದರಬೇಕಿಲ್ಲ. ನಮ್ಮ ಕಡೆಯ ಹಾಳೆತಟ್ಟೆ ಘಟಕಗಳಲ್ಲಿ ಅಡಿಕೆಹಾಳೆಯನ್ನು ಬಿಸಿ ಅಚ್ಚಿನಲ್ಲಿ ಒತ್ತಿ ಸುತ್ತಲಿನ ಅಂಚು ಕತ್ತರಿಸುವುದನ್ನು ಕಂಡಿದ್ದೀರಿ. ಅದರದೇ ತಮ್ಮ ಇದು. ಹದಿನೆಂಟು ಮಿಲಿಮೀಟರ್ ದಪ್ಪದ ಪ್ಲೈವುಡ್ಡಿನಲ್ಲಿ ಚಿತ್ರದ ಗೆರೆಯಂತೆ ಸೀಳು ಕೊರೆದು, 23.8 ಮಿಲಿಮೀಟರ್ ಎತ್ತರದ ಉಕ್ಕಿನ ಪಟ್ಟಿಯ ಬ್ಲೇಡನ್ನು ಬಗ್ಗಿಸಿ ಕೂರಿಸುತ್ತಾರೆ. ಮಡಿಕೆ ಬರಬೇಕಾದಲ್ಲಿ ತುಸು ಗಿಡ್ಡದ, ಮೊಂಡ ಪಟ್ಟಿ. ಅದು ಕತ್ತರಿಸುವುದಿಲ್ಲ, ಗೀರು ಒತ್ತುತ್ತದೆ. ಬ್ಲೇಡಿನ ಪಕ್ಕ ಸ್ಪಂಜಿನಂಥ ರಬ್ಬರ್ ತುಂಡುಗಳು, ಕತ್ತರಿಸಿದ ಕಾಗದವನ್ನು ಹೊರಗೆ ತಳ್ಳಲಿಕ್ಕೆ.

ಒತ್ತಿಸಿದ್ದು ಪೇಟೆಯ ಒಂದು ಪ್ರೆಸ್ಸಿನಲ್ಲಿ. ಅಲ್ಲಿರುವುದು ಹಳೆಯ ಟ್ರೆಡಲ್ ಮೆಷಿನ್, ಹಿಂದೆ ಮೊಳೆ ಜೋಡಿಸಿ ಕರಪತ್ರ, ಮದುವೆ ಕಾಗದ ಮುದ್ರಿಸುತ್ತಿದ್ದದ್ದು. ಆಫ್‌ಸೆಟ್ ಬಂದ ಮೇಲೆ ಇಂಥ ಎಷ್ಟೋ ಮೆಷಿನುಗಳು ಗುಜರಿಗೆ ಹೋದವು, ಉಳಿದವು ಡೈ ಕಟಿಂಗಿಗೆ, ರಶೀದಿ ಪುಸ್ತಕಕ್ಕೆ ನಂಬರು ಹಾಕಲಿಕ್ಕೆ ಬದುಕಿಕೊಂಡಿವೆ. ನಾನೂರು ತ್ರಿಭುಜ ಒಂದು ಬೆಳಿಗ್ಗೆಯಲ್ಲಿ ಮುಗಿಯಿತು. ಯಂತ್ರ ಬಂದರೆ ಕೈಕೆಲಸ ಸತ್ತಿತು ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನನ್ನ ಹೊಟ್ಟೆಪಾಡೇ ಮತ್ತೆ ಮತ್ತೆ ಮಾಡುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವುದು. ಆದರೆ ಏನನ್ನು ಒತ್ತಬೇಕು ಎಂಬುದನ್ನು ಟ್ರೆಡಲ್ ಹೇಳುವುದಿಲ್ಲ. ಅದಕ್ಕೆ ಮಕ್ಕಳು ನಾಲ್ಕು ದಿನ ಜಗಳವಾಡಿದರು.

ಗೆದ್ದದ್ದು ಮೂರು ಗೇರುಹಣ್ಣು, ನಡುವೆ 50 ಎಂಬ ಅಂಕೆ. ಅಲ್ಲೊಂದು ತೊಡಕು. ಸೊನ್ನೆಯನ್ನು ಕತ್ತರಿಸಿದರೆ ಒಳಗಿನ ತುಂಡು ಕಳಚಿ ಬೀಳುತ್ತದೆ, ಉಳಿಯುವುದು ಮೊಟ್ಟೆಯಾಕಾರದ ತೂತು. ಕನ್ನಡದ 'ಠ' ಕತ್ತರಿಸಿ ನೋಡಿ, ನಡುವಿನ ಚುಕ್ಕೆ ಹೇಗೆ ನಿಲ್ಲಬೇಕು? ಕಾಗದ ಕತ್ತರಿಸುವ ಕಲೆ ಇರುವಲ್ಲೆಲ್ಲ, ಮಥುರೆಯ ಸಾಂಝಿಯಲ್ಲಿ, ಉಳಿಯಿಂದ ಹತ್ತಾರು ಹಾಳೆ ಒಟ್ಟಿಗೆ ಕತ್ತರಿಸುವ ಮೆಕ್ಸಿಕೋದ ತೋರಣಗಳಲ್ಲಿ, ಇದಕ್ಕೆ ಉತ್ತರ ಒಂದೇ: ಸೇತುವೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಯಾರೂ ಹೇಳದೆ ಸೊನ್ನೆಯ ಮೇಲೊಂದು, ಕೆಳಗೊಂದು ಕಿರಿದಾದ ಸೇತುವೆ ಬಿಟ್ಟಳು. ಗೇರುಬೀಜವನ್ನು ಹಣ್ಣಿಗೆ ಅಂಟಿಕೊಂಡಿರುವಂತೆ ಬಿಡಿಸಿದ್ದಳು. "ಅದು ಮರದಲ್ಲೂ ಹಾಗೇ ಉಂಟಲ್ಲ ಸರ್" ಅಂದಳು.

ಚಿತ್ತಾರದ ಹಿಂದೆ ಬಣ್ಣದ ಗ್ಲಾಸ್ ಪೇಪರ್. ಇಲ್ಲಿ ಒಂದು ಎಚ್ಚರಿಕೆ. ನಿಜವಾದ ಸೆಲೋಫೇನ್ ಮರದ ನಾರಿನಿಂದ ಆದದ್ದು, ಮಣ್ಣಿನಲ್ಲಿ ಕರಗುತ್ತದೆ. ಆದರೆ ಇವತ್ತು ಅದೇ ಹೆಸರಿನಲ್ಲಿ ಪ್ಲಾಸ್ಟಿಕ್ ಹಾಳೆಯೂ ಮಾರಾಟವಾಗುತ್ತದೆ. ವಿಜ್ಞಾನದ ಟೀಚರ್ ಪ್ರಯೋಗಾಲಯದಲ್ಲಿ ತುಂಡು ಸುಟ್ಟು ತೋರಿಸಿದರು. ಒಂದು ಕಾಗದದಂತೆ ಉರಿದು ಬೂದಿಯಾಯಿತು, ಇನ್ನೊಂದು ಕರಗಿ ಗಂಟಾಯಿತು. ಅಂಚುಗಳಿಗೆ ಬೇಗಡೆ ಹಚ್ಚಿದ್ದೇವೆ, ಯಕ್ಷಗಾನದ ಕಿರೀಟ, ಭುಜಕೀರ್ತಿಗಳ ಮೇಲೆ ಮಿನುಗುವ ಅದೇ ಬೇಗಡೆ. ಒಳಗೆ ಎಲ್‌ಇಡಿ ಬಲ್ಬು, ಕಾಗದಕ್ಕೆ ಬಿಸಿ ತಾಗಬಾರದಲ್ಲ. ಅಂಟು ಮನೆಯಲ್ಲೇ ಕುದಿಸಿದ ಮೈದಾದ್ದು. ಜಿರಳೆ ಬರದಿರಲೆಂದು ಬೈಂಡಿಂಗಿನವರು ಹಾಕುವಂತೆ ಚಿಟಿಕೆ ಮೈಲುತುತ್ತು. ಅಡಿಕೆಗೆ ಮದ್ದು ಬಿಡುವವರ ಮನೆಯಲ್ಲಿ ಅದು ಹೇಗೂ ಇರುತ್ತದೆ. ವಿಷ, ಆದ್ದರಿಂದ ಬೆರೆಸಿದ್ದು ದೊಡ್ಡವರೇ.

ಈಗ ಬಿದಿರಿನ ಮಾತು. ದೀಪಕ್ಕೆ ಇಪ್ಪತ್ತಾರು ಕಡ್ಡಿಯಂತೆ ಸಾವಿರದ ಮುನ್ನೂರು ಕಡ್ಡಿ, ಎಲ್ಲ ಒಂದೇ ದಪ್ಪ. ನಮ್ಮಲ್ಲಿ ಯಾರಿಗೂ ಅದು ಸಾಧ್ಯವಿರಲಿಲ್ಲ. ಊರಿನಲ್ಲಿ ಬುಟ್ಟಿ ಹೆಣೆಯುವ ಅಜ್ಜನನ್ನು ಕರೆದೆವು. ಅವರು ಹಿಂದೆ ದೀಪಾವಳಿಗೆ ಗೂಡುದೀಪ ಕಟ್ಟಿ ಸಂತೆಯಲ್ಲಿ ಮಾರುತ್ತಿದ್ದರು. ಪ್ಲಾಸ್ಟಿಕ್ಕಿನದು ಬಂದ ಮೇಲೆ ಬಿಟ್ಟರು. ಅವರು ಕತ್ತಿ ಇಟ್ಟರೆ ಬಿದಿರು ತಾನೇ ಎರಡಾಗುತ್ತದೆ. ಸೀಳು ಒಂದು ಕಡೆ ತೆಳ್ಳಗಾಗುತ್ತಿದೆ ಎಂದರೆ ದಪ್ಪದ ಕಡೆಗೆ ಬಗ್ಗಿಸಬೇಕು, ಆಗ ಸೀಳು ಅತ್ತ ತಿರುಗುತ್ತದೆ. ಹೊರಗಿನ ಹಸಿರು ಸಿಪ್ಪೆಯ ಕಡೆಯನ್ನು ಉಳಿಸಿಕೊಳ್ಳಬೇಕು, ಬಲ ಇರುವುದು ಅಲ್ಲಿ. ಇದನ್ನು ಅವರು ಬಾಯಲ್ಲಿ ಹೇಳಲಿಲ್ಲ. ಮಕ್ಕಳ ಕೈಯ ಮೇಲೆ ಕೈ ಇಟ್ಟು ತೋರಿಸಿದರು.

ಮೊದಲ ದಿನ ಅವರು ಬಂದು ಜಗಲಿಯ ಕೆಳಗೆ, ಅಂಗಳದಲ್ಲೇ ಕುಳಿತರು. "ಒಳಗೆ ಬನ್ನಿ ಅಜ್ಜ" ಎಂದು ಎರಡು ಸಲ ಕರೆಯಬೇಕಾಯಿತು. ಆಮೇಲೆ ತುಳುವಿನಲ್ಲಿ ಹೇಳಿದರು: ಈ ಶಾಲೆಗೆ ಬುಟ್ಟಿ ಕೊಡಲು, ಗೆರಸೆ ಕೊಡಲು ಎಷ್ಟೋ ಸಲ ಬಂದಿದ್ದೇನೆ, ಕ್ಲಾಸಿನ ಒಳಗೆ ಕಾಲಿಟ್ಟದ್ದು ಇವತ್ತೇ. ಶಾಲೆಗೆ ಐವತ್ತು ವರ್ಷ. ಅವರ ಮನೆ ಇಲ್ಲಿಂದ ಒಂದು ಕಿಲೋಮೀಟರ್ ಕೂಡ ಇಲ್ಲ. ಮುಖ್ಯೋಪಾಧ್ಯಾಯಿನಿಯವರು ಏನೂ ಮಾತನಾಡದೆ ಸಂದರ್ಶಕರ ಪುಸ್ತಕ ತಂದು, ಅವರ ಹೆಸರಿನ ಮುಂದೆ 'ಸಂಪನ್ಮೂಲ ವ್ಯಕ್ತಿ' ಎಂದು ಬರೆದು, ಹೆಬ್ಬೆಟ್ಟು ಹಾಕಿಸಿಕೊಂಡರು. ಮೂರನೆಯ ಶನಿವಾರದ ಹೊತ್ತಿಗೆ ಮಕ್ಕಳು ಅವರನ್ನು ಮಾಸ್ಟ್ರು ಎನ್ನುತ್ತಿದ್ದರು.

ಪೋಷಕರೊಬ್ಬರು ಬಂದು ನೇರವಾಗಿ ಕೇಳಿದರು: "ಮಗಳು ಹತ್ತನೇ ಕ್ಲಾಸು. ಕಾಗದ ಕತ್ತರಿಸಿದರೆ ಮಾರ್ಕು ಬರ್ತದಾ?" ಬರುವುದಿಲ್ಲ. ನಾನು ಅವರಿಗೆ ಹಾಗೆಯೇ ಹೇಳಿದೆ. ಹತ್ತನೆಯವರನ್ನು ಒಂದೇ ಶನಿವಾರಕ್ಕೆ ಬಿಟ್ಟು, ಉಳಿದದ್ದನ್ನು ಎಂಟು, ಒಂಬತ್ತನೆಯವರು ಮಾಡಿದರು. ಅವರ ಚಿಂತೆ ಸುಳ್ಳಲ್ಲ. ಸರಕಾರಿ ಶಾಲೆಯ ಮಗುವಿಗೆ ಎರಡನೆಯ ಅವಕಾಶ ಸುಲಭವಾಗಿ ಸಿಗುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ಎಂಟನೆಯ ತರಗತಿಯ ಒಂದು ಶನಿವಾರವನ್ನೂ ಕೊಡಲಾರೆವು ಎಂದರೆ ಆ ಲೆಕ್ಕ ನನಗೆ ಹಿಡಿಸುವುದಿಲ್ಲ.

ಹಾಗಾಗಿ ಬೇಡಿಕೆ. ಸುವರ್ಣ ಮಹೋತ್ಸವದ ಉಳಿಕೆ ಹಣದಲ್ಲಿ ಪ್ರವೇಶದ್ವಾರಕ್ಕೆ ಕಮಾನು ಕಟ್ಟಿಸಬೇಕೆಂಬ ಮಾತಿದೆ. ಕಮಾನು ಬೇಡ ಎನ್ನುವಷ್ಟು ದೊಡ್ಡವನು ನಾನಲ್ಲ, ಸ್ವಲ್ಪ ಗಿಡ್ಡದು ಕಟ್ಟಿ. ಉಳಿಸಿದ ಹಣವನ್ನು ಬ್ಯಾಂಕಿನಲ್ಲಿಟ್ಟು, ಅದರ ಬಡ್ಡಿಯಲ್ಲಿ ಪ್ರತಿವರ್ಷ ದೀಪಾವಳಿಗೆ ಮುಂಚೆ ಮೂರು ಶನಿವಾರ ಈ ಕೆಲಸ ನಡೆಯಲಿ. ಅಜ್ಜನಿಗೆ ಅಥವಾ ಅವರು ಕಳಿಸಿದವರಿಗೆ, ಬೇರೆ ಸಂಪನ್ಮೂಲ ವ್ಯಕ್ತಿಗಳಿಗೆ ಕೊಡುವಷ್ಟೇ ಗೌರವಧನ ಸಿಗಲಿ. ಶಾಲು ಹೊದೆಸಿ ಕಳಿಸಿದರೆ ಸಾಲದು. ಈ ಸಲದ್ದನ್ನು ನಮ್ಮ ಬ್ಯಾಚಿನವರು ಕೊಟ್ಟಿದ್ದೇವೆ. ಪ್ರತಿ ವರ್ಷ ಒಂದೊಂದು ಬ್ಯಾಚಿನ ಮನಸ್ಸನ್ನು ಕಾಯುವಂತೆ ಆಗಬಾರದು.

ಗೇರುಹಣ್ಣಿನ ಅಚ್ಚು ಆಫೀಸಿನ ಕಪಾಟಿನಲ್ಲಿದೆ. ಬ್ಲೇಡಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿ ಇಟ್ಟಿದ್ದೇವೆ, ಮಳೆಗಾಲಕ್ಕೆ ಮುಂಚೆ ಇನ್ನೊಮ್ಮೆ ಸವರಬೇಕು. ಮುಂದಿನ ವರ್ಷ ಅಂಕೆ 51 ಆಗುತ್ತದೆ, ಸೊನ್ನೆಯ ತೊಂದರೆ ಇರುವುದಿಲ್ಲ. ಆದರೆ ಗೇರುಹಣ್ಣೇ ಬೇಕೆಂದು ಯಾರೂ ಹೇಳಿಲ್ಲ. ಮಕ್ಕಳೇ, ಈಗಲೇ ಜಗಳ ಶುರು ಮಾಡಬಹುದು.

ಸಭೆ ಮುಗಿದ ಮೇಲೆ ದೀಪಗಳನ್ನು ಕಟ್ಟಿದವರೇ ಇಳಿಸಿ ಮನೆಗೆ ಒಯ್ಯಬೇಕೆಂದು ತೀರ್ಮಾನವಾಗಿದೆ. ಏಣಿ ಸ್ಟಾಫ್ ರೂಮಿನ ಹಿಂದೆ ಇದೆ, ಹತ್ತುವಾಗ ಒಬ್ಬರು ಕೆಳಗೆ ಹಿಡಿದುಕೊಳ್ಳಿ.