ದೊಡ್ಡ ಹುಣಸೆಯ ಹಣ್ಣು: ಮನೆಗೆಷ್ಟು, ಸಂತೆಗೆಷ್ಟು?



ಸವಣೂರಿನ ದೊಡ್ಡ ಹುಣಸೆ ಮರಗಳನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಆನೆಯ ಮೈಯಂಥ ಬುಡ. ಹೆಸರು ಹುಣಸೆಯಾದರೂ ಅದು ಬೇರೆಯೇ ಜಾತಿ. ತವರು ಆಫ್ರಿಕಾ, ಅಲ್ಲಿನ ಬಾವೊಬಾಬ್. ನಮಗೆ ಅದು ನೋಡುವ ಮರ, ಅಲ್ಲಿಯವರಿಗೆ ಉಣ್ಣುವ ಮರ. ಆ ಮನೆಗಳ ಸಂಗತಿಯನ್ನೇ ಈಗ ಹೇಳುತ್ತೇನೆ, ಕೇಳ್ರಿ.

ಕಾಯಿಯ ಚಿಪ್ಪು ಸೋರೆಬುರುಡೆಯಂತೆ ಗಟ್ಟಿ. ಒಡೆದರೆ ರಸವಿಲ್ಲ! ಬೀಜಕ್ಕೆ ಅಂಟಿದ, ಸುಣ್ಣದ ಹೆಂಟೆಯಂಥ ಬಿಳಿ ತಿರುಳು; ರುಚಿ ಹುಳಿ. ಮರದಲ್ಲೇ ಒಣಗಿರುವುದರಿಂದ ಒಡೆಯದೆ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಸೆನೆಗಲ್ ದೇಶದ ಹೆಣ್ಣುಮಕ್ಕಳು ತಿರುಳನ್ನು ನೀರಲ್ಲಿ ನೆನೆಸಿ, ಕಿವುಚಿ, ಸೋಸಿ, ಸಕ್ಕರೆ ಹಾಕಿ ಪಾನಕ ಮಾಡುತ್ತಾರೆ. ಎಲೆಯನ್ನು ಒಣಗಿಸಿ ಪುಡಿಮಾಡಿ ಸಜ್ಜೆಯ ಅಡಿಗೆಗೆ ಬೆರೆಸುತ್ತಾರೆ. ಮಲಾವಿ ದೇಶದ ಪಟ್ಟಣಗಳಲ್ಲಿ ಇದೇ ಹಣ್ಣಿನ ಐಸ್‌ಕ್ಯಾಂಡಿಯನ್ನು ಮಕ್ಕಳು ಚೀಪುತ್ತಾರೆ.

ಹೀಗೆ ಮನೆಯಲ್ಲೂ ನೆರೆಯ ಸಂತೆಯಲ್ಲೂ ಸಲ್ಲುತ್ತಿದ್ದ ಹಣ್ಣಿಗೆ ದೂರದ ಗಿರಾಕಿ ಬಂದ. 2008ರಲ್ಲಿ ಯುರೋಪಿನ ಒಕ್ಕೂಟ ಈ ತಿರುಳನ್ನು ಆಹಾರವಾಗಿ ಮಾರಲು ಅನುಮತಿ ಕೊಟ್ಟಿತು. ‘ಸಿ’ ಜೀವಸತ್ವ ಹೇರಳವಾಗಿದೆ ಎಂದು ಪುಡಿ ಪೊಟ್ಟಣಗಳಲ್ಲಿ ಹೋಗತೊಡಗಿತು.

ಒಳ್ಳೆಯದೇ ಆಯ್ತಲ್ಲ, ಅಂತೀರಾ? ರೊಕ್ಕ ಬೇಡವೆನ್ನುವ ರೈತ ಎಲ್ಲಿದ್ದಾನೆ! ಆದರೆ ಲೆಕ್ಕ ಅಷ್ಟು ಸರಳವಲ್ಲ. ಈ ಮರಗಳಲ್ಲಿ ಬಹುಪಾಲು ತಾವಾಗಿ ಹುಟ್ಟಿದವು. ಎಳೆ ಸಸಿಯನ್ನು ದನ, ಆಡು ಮೇಯುತ್ತವೆ. ಬೀಜದಿಂದ ಬೆಳೆದ ಗಿಡ ಫಲ ಕೊಡಲು ಹತ್ತು ವರ್ಷಕ್ಕೂ ಮೇಲೆ ಕಾಯಬೇಕು. ಅಡಿಗೆಗೆಂದು ಟೊಂಗೆ ಸವರಿ ಎಲೆ ಕಿತ್ತರೆ ಹಣ್ಣು ಕಡಿಮೆ. ಅಂದರೆ ಸಾರಿನ ಎಲೆ, ಮಕ್ಕಳ ಪಾನಕ, ವ್ಯಾಪಾರಿಯ ಚೀಲ, ಮೂರೂ ಒಂದೇ ಮರದಿಂದ ಬರಬೇಕು. ಮೊದಲು ಯಾವುದು ಕಡಿತವಾಗುತ್ತದೆಂದು ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ.

ಇಡೀ ಹಣ್ಣನ್ನು ಚೀಲದ ಲೆಕ್ಕದಲ್ಲಿ ಕೊಡುವುದು ನನಗಂತೂ ಸರಿ ಕಾಣದು. ಮನೆಯಲ್ಲೇ ಕುಟ್ಟಿ ಜರಡಿ ಹಿಡಿದರೆ ಪುಡಿಗೆ ಬೇರೆ ಬೆಲೆ, ಎಣ್ಣೆ ತೆಗೆಯಲು ಬೀಜ ಉಳಿಯಿತು, ಚಿಪ್ಪು ಒಲೆಗಾಯಿತು.

ಮಾಲಿ ದೇಶದಲ್ಲಿ ಇನ್ನೊಂದು ಉಪಾಯ ಮಾಡಿದ್ದಾರೆ. ಮನೆಯ ಹತ್ತಿರ ಮಡಿ ಮಾಡಿ, ಬೀಜವನ್ನು ಒತ್ತಾಗಿ ಬಿತ್ತಿ, ನೀರುಣಿಸಿ, ಸಸಿಯ ಎಲೆಯನ್ನು ನಾವು ಸೊಪ್ಪು ಕೊಯ್ದಂತೆ ಮತ್ತೆ ಮತ್ತೆ ಕೊಯ್ಯುತ್ತಾರೆ. ಆಗ ದೊಡ್ಡ ಮರದ ಟೊಂಗೆಗೆ ಕುಡುಗೋಲು ತಾಕಿಸಬೇಕಾಗಿಲ್ಲ. ಹಣ್ಣಿಗಾಗಿಯೇ ಮರ ಬೇಕಾದವರು ಒಳ್ಳೆಯ ಮರದ ಕುಡಿ ತಂದು ಸಸಿಗೆ ಕಸಿ ಕಟ್ಟುತ್ತಾರೆ. ಅಂಥ ಗಿಡ ನಾಲ್ಕೈದು ವರ್ಷಕ್ಕೇ ಕಾಯಿ ಹಿಡಿಯಬಹುದು. ಆದರೆ ಮೊದಲ ವರ್ಷಗಳಲ್ಲಿ ಸುತ್ತ ಮುಳ್ಳಿನ ಬೇಲಿ ಬೇಕು, ಆಡಿನ ಬಾಯಿಗೆ ಸಿಗದಂತೆ.